ಸೋನಿ ಎ7 4 ಕ್ಯಾಮೆರಾ ತಗೋಳೋದಾ, ಕ್ಯಾನನ್ ಆರ್6 ಮಾರ್ಕ್ 2 ತಗೋಳೋದಾ: ಬಟನ್ ಲೆಕ್ಕದಲ್ಲಿ

ಶಟರ್ ಅರ್ಧ ಒತ್ತಿದ್ರೆ ಫೋಕಸ್ ಆಗದೆ ಇರೋ ಹಾಗೆ ಮಾಡಿ ಆ ಕೆಲ್ಸನಾ ಹಿಂದೆ ಹೆಬ್ಬೆರಳಿಗೆ ಸಿಗೋ ಎಎಫ್-ಆನ್ ಬಟನ್‌ಗೆ ಕೊಡೋದು ಎರಡರಲ್ಲೂ ಆಗುತ್ತೆ, ಅದೇನ್ ದೊಡ್ಡ ವಿಷ್ಯ ಅಲ್ಲ.

ಸೋನಿಲಿ ಸಿ1ರಿಂದ ಸಿ4 ತನಕ ನಮಗೆ ಬೇಕಾದ ಕೆಲ್ಸ ಕೊಡ್ಬಹುದಾದ ಬಟನ್‌ಗಳಿವೆ, ಜೊತೆಗೆ ಮೊದ್ಲೇ ಉಳಿಸಿಟ್ಟ ಸೆಟ್ಟಿಂಗ್‌ಗಳನ್ನ ಬಟನ್ ಹಿಡಿದಷ್ಟು ಹೊತ್ತು ತರೋ ರೀಕಾಲ್ ಕಸ್ಟಮ್ ಹೋಲ್ಡ್ ಅಂತ ಒಂದಿದೆ ನೋಡಿ, ರಂಗನತಿಟ್ಟಲ್ಲಿ ಕೂತಿರೋ ಕೊಕ್ಕರೆ 1/500 ಸೆಕೆಂಡ್ ಶಟರ್ ಸ್ಪೀಡಲ್ಲಿ ತೆಗೀತಿದ್ದಾಗ ಅದು ಹಾರಿದ್ರೆ ಒಂದೇ ಬಟನ್ ಹಿಡ್ಕೊಂಡ್ರೆ ಸಾಕು, 1/2500, ಫೋಕಸ್‌ಗೆ ವೈಡ್ ಏರಿಯಾ, ಹಕ್ಕಿ ಹಿಂದೆನೇ ಹೋಗೋ ಟ್ರ್ಯಾಕಿಂಗ್ ಎಲ್ಲಾ ಒಟ್ಟಿಗೆ ಬಂದ್ಬಿಡುತ್ತೆ, ಬಿಟ್ರೆ ವಾಪಸ್. ಆದ್ರೆ ಕ್ಯಾಮೆರಾ ಗುರುತಿಸ್ಬೇಕಾಗಿರೋದು ಹಕ್ಕಿನಾ, ಪ್ರಾಣಿನಾ, ಮನುಷ್ಯನಾ ಅಂತ ನೀವೇ ಆರಿಸ್ಬೇಕು.

ಕ್ಯಾನನ್ನಲ್ಲಿ ಅದನ್ನ ತಾನೇ ಗುರುತಿಸೋ ಸಬ್ಜೆಕ್ಟ್ ಆಟೋ ಇದೆ, ಆ ತಲೆನೋವಿಲ್ಲ. ಎಎಫ್-ಆನ್‌ಗೆ ಸ್ಪಾಟ್ (ಒಂದು ಚಿಕ್ಕ ಜಾಗಕ್ಕೆ ಫೋಕಸ್), ಪಕ್ಕದ ಸ್ಟಾರ್ (*) ಬಟನ್‌ಗೆ ಐ ಡಿಟೆಕ್ಷನ್ (ಕಣ್ಣು ಹುಡುಕಿ ಫೋಕಸ್) ಇಟ್ರೆ ಹೆಬ್ಬೆರಳು ಸ್ವಲ್ಪ ಸರಿಸಿದ್ರೆ ಆಯ್ತು.

ಮದ್ವೆ, ಮಕ್ಳು ಅಂದ್ರೆ ಕಣ್ಮುಚ್ಚಿ ಕ್ಯಾನನ್. ಮೆನು ಕೆದಕೋ ಚಟ ಇದ್ರೆ ಸೋನಿ.