ಪರೀಕ್ಷಾ ದತ್ತಾಂಶಕ್ಕೆ ಎಕ್ಸೆಲ್, ಸಿಎಸ್‌ವಿ, ಕೋಡು: ಮೂರನ್ನೂ ಬಳಸಿ ನೋಡಿದ ಮೇಲೆ

ಹಣ ವರ್ಗಾವಣೆಯ ತಂತ್ರಾಂಶವೊಂದರ ಸ್ವಯಂಚಾಲಿತ ಪರೀಕ್ಷೆಗಳನ್ನು ನಮ್ಮ ಇಬ್ಬರ ತಂಡ ನೋಡಿಕೊಳ್ಳುತ್ತದೆ. ಒಂದೇ ಪರೀಕ್ಷೆಯನ್ನು ಬೇರೆ ಬೇರೆ ಖಾತೆ ಸಂಖ್ಯೆ, ಮೊತ್ತ ಮತ್ತು ಹೆಸರುಗಳೊಂದಿಗೆ ನೂರಾರು ಬಾರಿ ಓಡಿಸಬೇಕಾದಾಗ ಆ ದತ್ತಾಂಶವನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಏಳುತ್ತದೆ. ನಾವು ಮೂರು ದಾರಿಗಳನ್ನು ಹಿಡಿದು ನೋಡಿದೆವು: ಎಕ್ಸೆಲ್ ಕಡತವನ್ನು ಅಪಾಚೆ ಪಿಒಐ (ಎಕ್ಸೆಲ್ ಕಡತ ಓದುವ ಜಾವಾ ಲೈಬ್ರರಿ) ಮೂಲಕ ಓದಿ, ಜಾವಾದ ಪರೀಕ್ಷಾ ಸಾಧನವಾದ ಟೆಸ್ಟ್‌ಎನ್‌ಜಿಯಲ್ಲಿ ಪರೀಕ್ಷೆಗೆ ದತ್ತಾಂಶ ಒದಗಿಸುವ ಡೇಟಾಪ್ರೊವೈಡರ್‌ಗೆ ಕೊಡುವುದು, ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವನ್ನು ನೇರವಾಗಿ ಜಾವಾದ ಇನ್ನೊಂದು ಪರೀಕ್ಷಾ ಸಾಧನ ಜೆಯುನಿಟ್ 5ಕ್ಕೆ ಕೊಡುವುದು, ಪೈಥಾನ್‌ನ ಪರೀಕ್ಷಾ ಸಾಧನ ಪೈಟೆಸ್ಟ್‌ನಲ್ಲಿ ಒಂದೇ ಪರೀಕ್ಷೆಯನ್ನು ಹಲವು ಮೌಲ್ಯಗಳೊಂದಿಗೆ ಓಡಿಸುವ ಪ್ಯಾರಾಮೀಟ್ರೈಸ್ ಬಳಸಿ ಕೋಡಿನಲ್ಲೇ ಬರೆಯುವುದು. ಇವುಗಳಲ್ಲಿ ನನ್ನ ಆಯ್ಕೆ ಸಿಎಸ್‌ವಿ. ಎಕ್ಸೆಲ್‌ನಲ್ಲಿ ಬರೆದಿಟ್ಟ ಒಂದೇ ಒಂದು ಸಾಲು ನಮ್ಮನ್ನು ಮೂರು ತಿಂಗಳು ತಪ್ಪುದಾರಿಗೆ ಎಳೆದದ್ದು ಅದಕ್ಕೆ ಮುಖ್ಯ ಕಾರಣ.

ಮೊದಲು ಎಕ್ಸೆಲ್ ಆರಿಸಿಕೊಂಡದ್ದು ಸಹಜವೇ ಆಗಿತ್ತು, ಏಕೆಂದರೆ ವ್ಯವಹಾರದ ನಿಯಮಗಳನ್ನು ಬಲ್ಲ ಸಹೋದ್ಯೋಗಿಗಳಿಗೆ ಅದು ಕೈಗೆ ಒಗ್ಗಿದ ಸಾಧನ. ಮೊದಲ ದಿನವೇ ಮೊಬೈಲ್ ಸಂಖ್ಯೆಯ ಪರೀಕ್ಷೆಗಳೆಲ್ಲ ಬಿದ್ದವು. ಸೆಲ್‌ನಲ್ಲಿ 9876543210 ಎಂದಿದ್ದರೂ ಪಿಒಐ ಅದನ್ನು ಡಬಲ್ (ದಶಮಾಂಶ ಸಂಖ್ಯೆ) ಆಗಿ ಕೊಡುತ್ತದೆ. ಜಾವಾದಲ್ಲಿ ಅದನ್ನು ಸ್ಟ್ರಿಂಗ್ (ಪಠ್ಯ) ಮಾಡಿದಾಗ ಮಧ್ಯೆ ‘ಇ’ ಅಕ್ಷರವಿರುವ ಘಾತರೂಪದ ಸಂಖ್ಯೆ ಫಾರ್ಮಿಗೆ ಹೋಗುತ್ತಿತ್ತು. ಬಿಗ್‌ಡೆಸಿಮಲ್ ಎಂಬ ಜಾವಾ ಸಂಖ್ಯಾರೂಪದ ಮೂಲಕ ಪೂರ್ಣ ಅಂಕಿಗಳಾಗಿ ಬದಲಿಸಿ, ಸಮಸ್ಯೆ ಮುಗಿಯಿತೆಂದು ಭಾವಿಸಿದೆವು.

ಕಣ್ಣಿಗೆ ಕಾಣುತ್ತಿದ್ದ ದೋಷವನ್ನು ತೆಗೆದ ಆ ತಿದ್ದುಪಡಿಯೇ ಕಾಣದ ದೋಷವೊಂದನ್ನು ಮುಚ್ಚಿಟ್ಟಿತು. ಎಕ್ಸೆಲ್ ಯಾವುದೇ ಸಂಖ್ಯೆಯ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಅದರಾಚೆಗಿನವು ಸೊನ್ನೆಯಾಗುತ್ತವೆ. ಮುಚ್ಚಿದ ಖಾತೆಗೆ ಹಣ ಹೋಗಬಾರದು ಎಂಬ ಪರೀಕ್ಷೆಗೆ ನಾವು 16 ಅಂಕಿಯ ಖಾತೆ ಸಂಖ್ಯೆಯನ್ನು ಕೊಟ್ಟಿದ್ದೆವು. ಅದರ ಕೊನೆಯ 3 ಸೊನ್ನೆಯಾಗಿ, ಆ ಸಂಖ್ಯೆಯ ಖಾತೆಯೇ ಇಲ್ಲದಂತಾಯಿತು. ವರ್ಗಾವಣೆ ತಿರಸ್ಕೃತವಾಯಿತೇ ಎಂಬುದನ್ನಷ್ಟೇ ನೋಡುತ್ತಿದ್ದ ನಮ್ಮ ಪರೀಕ್ಷೆಗೆ ತಿರಸ್ಕಾರದ ಕಾರಣ ಬೇಕಿರಲಿಲ್ಲ. ಪ್ರತಿ ರಾತ್ರಿಯೂ ಹಸಿರು ಗುರುತು ಬೀಳುತ್ತಿತ್ತು. ನಿಜವಾದ ತಪಾಸಣೆ ಕೆಟ್ಟುಹೋಗಿದ್ದುದು ಬಿಡುಗಡೆಗೆ ಮುನ್ನ ಕೈಯಿಂದ ಪರೀಕ್ಷಿಸುತ್ತಿದ್ದ ಸಹೋದ್ಯೋಗಿಯೊಬ್ಬರ ಕಣ್ಣಿಗೆ ಬಿತ್ತು. ಬೀಳಬೇಕಾದ ಪರೀಕ್ಷೆ ಗೆಲ್ಲುತ್ತಾ ಇರುವುದಕ್ಕಿಂತ ದೊಡ್ಡ ಅಪಾಯ ನಮ್ಮ ಕೆಲಸದಲ್ಲಿ ಇಲ್ಲವೆಂದು ನಾನು ನಂಬುತ್ತೇನೆ.

ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿದ್ದರೆ ಇದು ಆಗುತ್ತಿರಲಿಲ್ಲ ಎಂಬುದು ನಿಜ. ಆದರೆ ಬೇರೆ ಹಾಳೆಯಿಂದ ನಕಲಿಸಿ ಅಂಟಿಸಿದರೆ ಆ ಗುರುತು ಅಳಿಸಿಹೋಗಬಹುದು. ಪಿಒಐನ ಡೇಟಾಫಾರ್ಮ್ಯಾಟರ್ ಸೆಲ್ ಪರದೆಯ ಮೇಲೆ ಕಾಣುವ ರೂಪವನ್ನು ಕೊಡುತ್ತದೆಯೇ ಹೊರತು ಕಳೆದುಹೋದ ಅಂಕಿಯನ್ನು ಮರಳಿಸುವುದಿಲ್ಲ. ಎಕ್ಸೆಲ್ ಜೀನುಗಳ ಹೆಸರುಗಳನ್ನು ದಿನಾಂಕಗಳಾಗಿ ಬದಲಿಸುತ್ತಿದ್ದ ಕಾರಣ 2020ರಲ್ಲಿ ಮಾನವ ಜೀನುಗಳ ನಾಮಕರಣ ಸಮಿತಿಯೇ ಕೆಲವು ಜೀನುಗಳ ಸಂಕೇತಗಳನ್ನು ಬದಲಿಸಬೇಕಾಯಿತು. ನಮ್ಮ ತೊಂದರೆ ಅದೇ ಜಾತಿಯದು.

ಜೆಯುನಿಟ್ 5ರಲ್ಲಿ ಪರೀಕ್ಷೆಯ ಮೇಲೆ ಸಿಎಸ್‌ವಿ ಕಡತದ ಹೆಸರನ್ನೂ ಶೀರ್ಷಿಕೆಯ ಒಂದು ಸಾಲನ್ನು ಬಿಡಬೇಕೆಂಬ ಸೂಚನೆಯನ್ನೂ ಬರೆದರೆ ಸಾಕು. ಕಡತ ಓದುವ ಕೋಡನ್ನು ನಾವು ಬರೆದು ಸಾಕಬೇಕಿಲ್ಲ. ಸಾಲು ಬದಲಾದರೆ, ಕಡತಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಆ ಸಾಲೇ ಕಾಣುತ್ತದೆ. ಒಬ್ಬರ ಬದಲಾವಣೆಯನ್ನು ಇನ್ನೊಬ್ಬರು ಓದಿಯೇ ಸೇರಿಸುವ ಅಭ್ಯಾಸವಿರುವ ನಮಗೆ, ಒಳಗೆ ಜಿಪ್ ಆಗಿ ಒತ್ತಿ ಕಟ್ಟಿಟ್ಟಿರುವ ಎಕ್ಸೆಲ್ ಕಡತ ಆ ಅನುಕೂಲವನ್ನು ಕೊಡಲಿಲ್ಲ. ಎರಡು ಎಚ್ಚರಗಳು ಬೇಕು. ಖಾತೆ ಸಂಖ್ಯೆಯನ್ನು ಸ್ವೀಕರಿಸುವ ಪ್ಯಾರಾಮೀಟರ್ ಸ್ಟ್ರಿಂಗ್ ಆಗಿರಬೇಕು. ಲಾಂಗ್ (ಪೂರ್ಣಾಂಕ) ಎಂದು ಬರೆದರೆ, ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಜೆಯುನಿಟ್ ಅಷ್ಟಮಾನ ಪದ್ಧತಿಯದೆಂದು ಓದಿ ಬೇರೆಯೇ ಸಂಖ್ಯೆ ಮಾಡುತ್ತದೆ, ಇಲ್ಲವೇ ದೋಷ ತೋರಿಸುತ್ತದೆ. ಖಾಲಿ ಬಿಟ್ಟ ಜಾಗ ನಲ್ (ಮೌಲ್ಯವೇ ಇಲ್ಲ) ಆಗುತ್ತದೆ, ಜೋಡಿ ಉದ್ಧರಣ ಚಿಹ್ನೆಯಷ್ಟೇ ಇದ್ದರೆ ಖಾಲಿ ಸ್ಟ್ರಿಂಗ್ ಆಗುತ್ತದೆ. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಪರೀಕ್ಷಿಸುವಾಗ ಈ ವ್ಯತ್ಯಾಸ ಮುಖ್ಯ.

ಸಿಎಸ್‌ವಿಯನ್ನು ಎರಡು ಬಾರಿ ಕ್ಲಿಕ್ಕಿಸಿ ಎಕ್ಸೆಲ್‌ನಲ್ಲಿ ತೆರೆದು ಉಳಿಸಿದರೆ ಹಳೆಯ ರೋಗ ಮರುಕಳಿಸುತ್ತದೆ, ಕನ್ನಡದ ಹೆಸರುಗಳೂ ಕೆಡಬಹುದು. ಆದ್ದರಿಂದ ನಮ್ಮ ಸಹೋದ್ಯೋಗಿಗಳು ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುತ್ತಾರೆ. ಕಡತ ತೆರೆಯುವಾಗಲೇ ಕಾಲಂಗಳನ್ನು ಟೆಕ್ಸ್ಟ್ ಎಂದು ಗುರುತಿಸಲು ಅದು ಅವಕಾಶ ಕೊಡುತ್ತದೆ, ಅದಕ್ಕೆ ಖರ್ಚೂ ಇಲ್ಲ.

ಪೈಟೆಸ್ಟ್ ಸೊಗಸಾಗಿದೆ, ಪ್ರತಿ ಸಾಲಿಗೂ ಹೆಸರು ಕೊಡಬಹುದು. ಆದರೆ ಹತ್ತಿಪ್ಪತ್ತು ಸಾಲು ದಾಟಿದರೆ ಕೋಡು ಓದದವರಿಗೆ ಅದು ನಿಲುಕುವುದಿಲ್ಲ.

ಟೆಸ್ಟ್‌ಎನ್‌ಜಿಯ ಮೇಲೆ ನನಗೆ ದೂರಿಲ್ಲ. ಡೇಟಾಪ್ರೊವೈಡರ್‌ನಲ್ಲಿ ಪ್ಯಾರಲಲ್ ಎಂದು ಬರೆದರೆ ಯಾವ ಹೊಂದಾಣಿಕೆಯೂ ಇಲ್ಲದೆ 10 ಥ್ರೆಡ್‌ಗಳಲ್ಲಿ (ಒಂದೇ ಸಮಯಕ್ಕೆ ನಡೆಯುವ ಕೆಲಸದ ಎಳೆಗಳಲ್ಲಿ) ಸಾಲುಗಳು ಓಡುತ್ತವೆ, ಜೆಯುನಿಟ್‌ನಲ್ಲಿ ಅದಕ್ಕೆ ಪ್ರತ್ಯೇಕ ಸಂರಚನೆ ಬೇಕು. ಸಾವಿರಾರು ಸಾಲುಗಳಿದ್ದು ಸಮಯ ಕಡಿಮೆಯಿರುವ ತಂಡವು ಟೆಸ್ಟ್‌ಎನ್‌ಜಿಯನ್ನೇ ಉಳಿಸಿಕೊಂಡು ಅದಕ್ಕೆ ಸಿಎಸ್‌ವಿ ಓದಿಸಬಹುದು. ನಮ್ಮದು ನಾನೂರು ಸಾಲು, ರಾತ್ರಿಯಿಡೀ ಸಮಯವಿದೆ. ಹಾಗಾಗಿ ಜೆಯುನಿಟ್ ಸಾಕಾಯಿತು. ಮುಚ್ಚಿದ ಖಾತೆಯ ಸಾಲಿಗೆ ಈಗ ಇನ್ನೊಂದು ಕಾಲಂ ಸೇರಿದೆ: ಪರದೆಯ ಮೇಲೆ ಬರಬೇಕಾದ ತಿರಸ್ಕಾರದ ಸಂದೇಶ, ಅಕ್ಷರಶಃ.