ರಾತ್ರಿ ಕಯಾಕ್‌ಗೆ ಯಾವ ಲೈಟ್? ಬಿಳಿ, ಕೆಂಪು, ಹಸಿರು

ಮೈಸೂರಿನ ನಮ್ಮ ಗುಂಪಿಗೆ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಹುಚ್ಚು ಹಿಡಿಸಿದ್ದು ವರುಣಾ ಕೆರೆ. ಮೀನಿನ ಆಸೆಗೆ ಮಾತ್ರ ಮಡಿಕೇರಿ ಘಾಟಿ ಇಳಿದು ಮಂಗಳೂರು ಕಡೆಯ ಸಸಿಹಿತ್ಲುವರೆಗೆ ಹೋಗುತ್ತೇವೆ. ಅಲ್ಲಿ ಶಾಂಭವಿ, ನಂದಿನಿ ಎರಡೂ ಹೊಳೆಗಳು ಸೇರಿ ಸಮುದ್ರಕ್ಕೆ ಬೀಳುತ್ತವೆ. ಕೆರೆಯ ಜಿಲೇಬಿ, ಕಾಟ್ಲಾ ಮೀನು ಹಿಡಿದು ಬೆಳೆದ ನಮಗೆ ಅಳಿವೆಯ ರಾತ್ರಿಯೇ ಬೇರೆ. ಹೊಸಬರು ಮೊದಲು ಕೇಳುವುದು, ಯಾವ ಲೈಟ್ ತಗೊಳ್ಳಲಿ ಅಂತ. ಮೂರು ಬಣ್ಣವನ್ನೂ ಬಳಸಿ ನೋಡಿದ್ದೇನೆ.

ಬಿಳಿ ಹೆಡ್ ಟಾರ್ಚ್ ಎಲ್ಲರ ಹತ್ತಿರವೂ ಇರುತ್ತದೆ. ಆದರೆ ಹಚ್ಚಿಕೊಂಡು ಕೂತರೆ ಹುಳ ಮುಖಕ್ಕೆ ಮುತ್ತುತ್ತವೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಒಂದು ಸಲ ಬಿಳಿ ಬೆಳಕು ಬಿದ್ದರೆ ಅದೆಲ್ಲ ಹೋಯಿತು. 'ಲೈಟ್ ಆಫ್ ಮಾಡಿ ಮಾರಾಯ್ರೆ, ಮೀನು ಓಡ್ತದೆ' ಅಂತ ಪಕ್ಕದ ದೋಣಿಯವರು ಕೂಗಿದ್ದೂ ಉಂಟು. ಸೂಜಿಮೂತಿಯ ಉದ್ದ ಮೀನುಗಳು ಬೆಳಕಿಗೆ ನೇರ ಹಾರುತ್ತವೆ, ಅವುಗಳ ಮೂತಿ ಚುಚ್ಚಿ ಗಾಯವಾದವರಿದ್ದಾರೆ. ಹಾಗಂತ ಬಿಳಿ ಲೈಟ್ ಬಿಟ್ಟು ಹೋಗಬೇಡಿ. ಬೋಟು ಬಂದರೆ ತಕ್ಷಣ ತೋರಿಸಲು ಅದು ಕೈಗೆ ಸಿಗುವ ಹಾಗೆ ಇರಲೇಬೇಕು. ಹುಟ್ಟು ಹಾಕುವ ದೋಣಿಗಳಿಗೆ ಸಮುದ್ರದ ನಿಯಮವೂ ಇದೇ.

ಮೀನು ನೋಡುವುದಕ್ಕಾದರೆ ನೀರಿನೊಳಗೆ ಇಳಿಬಿಡುವ ಹಸಿರು ಲೈಟೇ ಸೈ. ಅಳಿವೆಯ ಕಲಕು ನೀರಲ್ಲಿ ಕೆಂಪು ಬೇಗ ಸಾಯುತ್ತದೆ, ಹಸಿರು ಇನ್ನೂ ದೂರ ಹೋಗುತ್ತದೆ. ಮೊದಲು ಅವಲಕ್ಕಿ ಪುಡಿ ಚೆಲ್ಲಿದ ಹಾಗೆ ಸಣ್ಣ ಜೀವಿಗಳು ಸುತ್ತತೊಡಗುತ್ತವೆ. ಆಮೇಲೆ ಸಿಗಡಿಗಳು ಬರುತ್ತವೆ, ಅವುಗಳ ಕಣ್ಣು ಕಿತ್ತಳೆ ಕಿಡಿ. ಹಿಂದೆಯೇ ಮರಿಮೀನಿನ ಹಿಂಡು. ದೊಡ್ಡ ಮೀನು ಬೆಳಕಿಗೆ ಬರುವುದೇ ಇಲ್ಲ. ಬೆಳಕು ಮುಗಿದು ಕತ್ತಲೆ ಶುರುವಾಗುವ ಅಂಚಲ್ಲಿ ಅಲ್ಲಾಡದೆ ನಿಂತು ಕಾಯುತ್ತದೆ, ಒಂದು ಮರಿ ಹಿಂಡು ಬಿಟ್ಟು ಆಚೆ ಸರಿದರೆ ಮುಗೀತು. ಎಷ್ಟು ನೋಡಿದರೂ ಸಾಕೆನಿಸಲ್ಲ.

ಅದೇ ಲೈಟಲ್ಲಿ ಗಾಳ ಹಾಕಿದರೆ ಜಾಸ್ತಿ ಸಿಗಬಹುದು, ನಿಜ. ಆದರೆ ಸಮುದ್ರದಲ್ಲಿ ಎಲ್‌ಇಡಿ ಬೆಳಕಿಗೆ ಮೀನು ಸೇರಿಸಿ ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಮರಿ, ದೊಡ್ಡದು ಎನ್ನದೆ ಎಲ್ಲ ಬಾಚಿಹೋದರೆ ನಾಡದೋಣಿಯವರ ಬಲೆಗೆ ಏನು ಉಳಿಯುತ್ತೆ? ನನ್ನದು ಒಂದೇ ಗಾಳ ತಾನೆ ಅಂತ ವಾದಿಸಲು ನನಗೆ ಮನಸ್ಸಿಲ್ಲ. ಹಸಿರು ಲೈಟ್ ನೀರಲ್ಲಿ ಇರುವಷ್ಟು ಹೊತ್ತು ನನ್ನ ಗಾಳ ಮೇಲೇ.

ಹಿಡಿಯುವುದಕ್ಕೆ ನನ್ನ ಆಯ್ಕೆ ಕೆಂಪು. ನೀರೊಳಗೆ ಏನೂ ಕಾಣಲ್ಲ, ಒಪ್ಪಿದೆ. ಗಂಟು ಹಾಕಲು, ಗಾಳಕ್ಕೆ ಸಿಗಡಿ ಚುಚ್ಚಲು ಅಷ್ಟು ಬೆಳಕು ಸಾಕು, ಆರಿಸಿದ ಕೂಡಲೇ ಕಣ್ಣು ಕತ್ತಲೆಗೆ ಸಿದ್ಧ. ಅಮಾವಾಸ್ಯೆ ಆಸುಪಾಸಿನಲ್ಲಿ, ಕಣ್ಣಿಗೆ ಕಾಣದ ಸಣ್ಣ ಜೀವಿಗಳಿಂದ ಕಲಕಿದ ನೀರು ಮಿನುಗುವ ದಿನ ಸಿಕ್ಕಿದರೆ ಲೈಟೇ ಬೇಡ, ಓಡುವ ಮೀನು ತಾನೇ ನೀಲಿ ಗೆರೆ ಎಳೆದು ತೋರಿಸುತ್ತದೆ. ಸೀಬಾಸ್ ಮೀನು ಬಾಯಿ ಹಾಕಿದ 'ಟಪ್' ಸದ್ದೂ ಕೇಳುತ್ತದೆ. ದೊಡ್ಡ ಸೀಬಾಸ್ ಸಿಕ್ಕಿದರೆ ವಾಪಸ್ ಬಿಡಿ. ಆ ಮೀನು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುತ್ತದೆ, ಮೊಟ್ಟೆ ಇಡುವುದು ಆ ದೊಡ್ಡವೇ.

ಒಂದಕ್ಕೇ ದುಡ್ಡಿದ್ದರೆ ಕೆಂಪು, ಬಿಳಿ ಎರಡೂ ಇರುವ ಹೆಡ್ ಟಾರ್ಚ್ ತಗೊಳ್ಳಿ. ಕೆಂಪಿಗೆ ಬೇರೆ ಬಟನ್ ಇರಲಿ, ಇಲ್ಲದಿದ್ದರೆ ಪ್ರತಿ ಸಲ ಬಿಳಿ ದಾಟಿಯೇ ಕೆಂಪಿಗೆ ಹೋಗಬೇಕಾಗುತ್ತದೆ. ಊರಿಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒಣಗಿಸಿ, ಉಪ್ಪು ಹಿಡಿದರೆ ಬ್ಯಾಟರಿ ಮುಚ್ಚಳ ತೆರೆಯುವುದೇ ಇಲ್ಲ.