ಸಿವಿಯರಿಟಿ, ಪ್ರಯಾರಿಟಿ: ಯಾವ ಖಾನೆಗೆ ಏನು ಹಾಕಬೇಕು?

ಸಾಫ್ಟ್‌ವೇರ್‌ನಲ್ಲಿ ಸಿಕ್ಕ ಬಗ್ (ದೋಷ) ದಾಖಲಿಸುವಾಗ ಸಿವಿಯರಿಟಿ, ಪ್ರಯಾರಿಟಿ ಅಂತ ಎರಡು ಖಾನೆ ಇರುತ್ತವೆ. ಸುಮಾರು ಜನ ಎರಡಕ್ಕೂ ಸುಮ್ನೆ 'ಹೈ' ಅಂತ ಹಾಕಿಬಿಡುತ್ತಾರೆ. ಆಮೇಲೆ ಯಾವುದನ್ನು ಮೊದಲು ಮುಟ್ಟಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಸಿವಿಯರಿಟಿ ಅಂದರೆ ಹಾನಿ ಎಷ್ಟು ಅನ್ನೋದು. ಆ್ಯಪ್ ಕ್ರ್ಯಾಶ್ ಆಯಿತಾ, ಡೇಟಾ ಹೋಯಿತಾ, ಬೇರೆ ದಾರಿಯಲ್ಲಿ ಕೆಲಸ ಮುಗಿಸಬಹುದಾ? ಟೆಸ್ಟರ್ ಇದನ್ನು ನೋಡಿಯೇ ಹೇಳಬಹುದು. ಪ್ರಯಾರಿಟಿ ಅಂದರೆ ಎಷ್ಟು ಬೇಗ ಸರಿಪಡಿಸಬೇಕು ಅನ್ನೋದು. ಎಷ್ಟು ಜನರಿಗೆ ತೊಂದರೆ, ರಿಲೀಸ್ ಯಾವಾಗ ಅನ್ನುವುದೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇದು ಸಾಮಾನ್ಯವಾಗಿ ಪ್ರಾಡಕ್ಟ್ ಮ್ಯಾನೇಜರ್ ತೀರ್ಮಾನ.

ಮುಖಪುಟದಲ್ಲಿ ಕಂಪನಿಯ ಹೆಸರೇ ತಪ್ಪಾಗಿದೆ ಅನ್ನಿ. ಏನೂ ಕೆಟ್ಟಿಲ್ಲ, ಸಿವಿಯರಿಟಿ ಕಡಿಮೆ. ಆದರೆ ಇವತ್ತೇ ಸರಿಯಾಗಬೇಕು, ಅಲ್ವಾ? ಇನ್ನೊಂದು ಕಡೆ, ವರ್ಷಕ್ಕೊಮ್ಮೆ ತೆಗೆಯುವ ವರದಿ ಕ್ರ್ಯಾಶ್ ಆಗುತ್ತಿದೆ. ಸಿವಿಯರಿಟಿ ಜಾಸ್ತಿ, ಆದರೂ ಆರು ತಿಂಗಳು ಸಮಯವಿದ್ದರೆ ಕಾಯಬಹುದು. ವರ್ಷದ ಕೊನೆ ಹತ್ತಿರ ಬಂದಂತೆ ಪ್ರಯಾರಿಟಿ ಮಾತ್ರ ಏರುತ್ತದೆ. ಸಿವಿಯರಿಟಿ ಇದ್ದಲ್ಲೇ ಇರುತ್ತದೆ.

ಭದ್ರತೆಯ ದೋಷಗಳಲ್ಲೂ ಇದೇ ಕಥೆ. ಇವುಗಳಿಗೆ ಅಂಕ ಕೊಡುವ ಸಿವಿಎಸ್ಎಸ್ ಅನ್ನುವ ಪದ್ಧತಿಯಲ್ಲಿ ಮೂಲ ಅಂಕ 0ಯಿಂದ 10ರವರೆಗೆ ಇರುತ್ತದೆ, ಅದು ಹೇಳುವುದು ತೀವ್ರತೆಯನ್ನು, ಅಂದರೆ ಸಿವಿಯರಿಟಿಯನ್ನು. ದೋಷವಿರುವ ಭಾಗವನ್ನು ನೀವು ಬಳಸದೇ ಇದ್ದರೆ 9 ಬಂದರೂ ರಾತ್ರೋರಾತ್ರಿ ಓಡಬೇಕಿಲ್ಲ.

ಎರಡೂ ಖಾನೆ ಬೇಕಾ? ಬಗ್ ದಾಖಲಿಸುವ ಸಾಫ್ಟ್‌ವೇರ್‌ಗಳಲ್ಲಿ ಬಗ್‌ಜಿಲ್ಲಾದಲ್ಲಿ ಎರಡೂ ಇವೆ. ಜಿರಾದಲ್ಲಿ ಮೊದಲೇ ಸಿಗುವುದು ಪ್ರಯಾರಿಟಿ, ಇನ್ನೊಂದನ್ನು ನಾವೇ ಸೇರಿಸಿಕೊಳ್ಳಬೇಕು. ಮೂರ್ನಾಲ್ಕು ಜನರ ತಂಡವಾದರೆ ಪ್ರಯಾರಿಟಿ ಒಂದೇ ಸಾಕು ಅನ್ನುತ್ತೇನೆ. ಬಗ್ ಹುಡುಕುವವರು ಒಬ್ಬರು, ಕೆಲಸ ಹಂಚುವವರು ಇನ್ನೊಬ್ಬರು ಆದರೆ ಎರಡನ್ನೂ ಇಟ್ಟುಕೊಳ್ಳಿ.